ಶಾಫ್ಟ್ ಡ್ರೈವ್ ಬೈಕಿಗೆ ಯಾವ ಗ್ರೀಸ್? ಮಲೆನಾಡಿನ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು ಪೇಟೆಯಲ್ಲಿ ಬೈಕಿನ ಚೈನಿಗೆ ಏನು ಬೇಕೆಂದರೂ ಸಿಗುತ್ತದೆ. ಚೈನಿನ ಬದಲು ತಿರುಗುವ ದಂಡವೊಂದು ಹಿಂದಿನ ಚಕ್ರವನ್ನು ಓಡಿಸುವ ಶಾಫ್ಟ್ ಡ್ರೈವ್‌ಗೆ ಗ್ರೀಸ್ ಕೊಡಿ ಎಂದರೆ ಮಾತ್ರ ಅಂಗಡಿಯವರು ಒಮ್ಮೆ ಮುಖ ನೋಡಿ, ಕೈಗೆ ಸಿಕ್ಕ ಡಬ್ಬಿಯನ್ನು ಮುಂದಿಟ್ಟು, ‘ಗ್ರೀಸ್ ಎಂದರೆ ಗ್ರೀಸ್ ತಾನೇ’ ಎನ್ನುತ್ತಾರೆ. ಆ ಮಾತನ್ನು ನಂಬಿ ಒಂದು ಬೈಕಿನ ಹಲ್ಲು ಸವೆಸಿದವನು ನಾನು. ವಾರಾಂತ್ಯಕ್ಕೆ ಮುಳ್ಳಯ್ಯನಗಿರಿ ಏರಲು ಬರುವವರು, ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಮನೆಯಲ್ಲಿ ದೊಡ್ಡ ಬೈಕು ಇಟ್ಟುಕೊಂಡವರು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳು ಇಲ್ಲಿವೆ.

ಶಾಫ್ಟ್ ಡ್ರೈವ್‌ಗೆ ನಿರ್ವಹಣೆಯೇ ಬೇಡ ಎಂದು ಹೇಳಿ ಮಾರುತ್ತಾರಲ್ಲ, ಗ್ರೀಸಿನ ಮಾತೇಕೆ?

ಚೈನಿನ ಹಾಗೆ ವಾರಕ್ಕೊಮ್ಮೆ ಒರೆಸಿ, ಎಣ್ಣೆ ಬಿಟ್ಟು, ಬಿಗಿ ನೋಡುವ ಕೆಲಸ ಇಲ್ಲ ಎನ್ನುವುದು ನಿಜ. ಬಿಎಂಡಬ್ಲ್ಯು 1923ರಲ್ಲಿ ಆರ್ 32 ಬೈಕನ್ನು ಹೊರತಂದಾಗಲೇ ಅದಕ್ಕೆ ಶಾಫ್ಟ್ ಇತ್ತು. ನೂರು ವರ್ಷದಿಂದ ಈ ಏರ್ಪಾಡು ಉಳಿದುಕೊಂಡಿರುವುದಕ್ಕೆ ಕಾರಣವೇ ಅದರ ತಾಳಿಕೆ. ಆದರೆ ಕೊಳವೆಯೊಳಗೆ ಮುಚ್ಚಿಟ್ಟ ಮಾತ್ರಕ್ಕೆ ಲೋಹ ಲೋಹವನ್ನು ಉಜ್ಜುವುದು ನಿಲ್ಲುವುದಿಲ್ಲ, ನಮಗೆ ಕಾಣುವುದು ನಿಲ್ಲುತ್ತದೆ ಅಷ್ಟೆ. ಚೈನ್ ಹಾಳಾಗುವ ಮೊದಲು ಸದ್ದು ಮಾಡಿ ಊರಿಗೆಲ್ಲ ಹೇಳುತ್ತದೆ. ಶಾಫ್ಟ್ ಕೊನೆಯವರೆಗೂ ಬಾಯಿ ಬಿಡುವುದಿಲ್ಲ.

ಗ್ರೀಸ್ ಬೇಕಾಗುವುದು ಎಲ್ಲಿ?

ಗ್ರೀಸಿನ ಹೆಸರು ಕೇಳುವ ಮೊದಲು ಈ ಪ್ರಶ್ನೆ ಕೇಳಬೇಕು, ಯಾರೂ ಕೇಳುವುದಿಲ್ಲ. ಗೇರ್‌ಬಾಕ್ಸ್‌ನಿಂದ ಹೊರಟ ಶಕ್ತಿ ಹಿಂದಿನ ಚಕ್ರ ಮುಟ್ಟುವ ದಾರಿಯಲ್ಲಿ ಮೂರು ಬಗೆಯ ಜಾಗಗಳಿವೆ.

ಮೊದಲನೆಯದು ಸ್ಪ್ಲೈನ್, ಅಂದರೆ ಶಾಫ್ಟ್ ತುದಿಯಲ್ಲಿ ಉದ್ದುದ್ದ ಕೊರೆದ ಹಲ್ಲುಗಳು. ಹಳ್ಳ ದಿಣ್ಣೆಯಲ್ಲಿ ಹಿಂದಿನ ಚಕ್ರ ಹಿಡಿದ ತೋಳು, ಅಂದರೆ ಸ್ವಿಂಗ್‌ಆರ್ಮ್, ಏರಿ ಇಳಿಯುವಾಗ ಗೇರ್‌ಬಾಕ್ಸಿಗೂ ಹಿಂದಿನ ಗೇರ್ ಡಬ್ಬಕ್ಕೂ ನಡುವಿನ ದೂರ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಆ ವ್ಯತ್ಯಾಸವನ್ನು ನುಂಗಿಕೊಳ್ಳುವುದು ಈ ಹಲ್ಲುಗಳ ಜಾರಾಟ. ಎಂಜಿನ್ನಿನ ಪೂರ್ತಿ ತಿರುಚುಬಲ ಹೊತ್ತುಕೊಂಡೇ ಅವು ಹಿಂದೆ ಮುಂದೆ ಜಾರುತ್ತಿರುತ್ತವೆ.

ಎರಡನೆಯದು ಯೂನಿವರ್ಸಲ್ ಜಾಯಿಂಟ್, ಅಂದರೆ ಶಾಫ್ಟ್ ಓರೆಯಾದರೂ ತಿರುಗಾಟವನ್ನು ದಾಟಿಸುವ ಕೀಲು. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ಕ್ರಾಸ್ ಎನ್ನುತ್ತಾರೆ. ಇದರೊಳಗೆ ಸೂಜಿಯಂಥ ಸಣ್ಣ ರೋಲರುಗಳ ಬೇರಿಂಗ್ ಇರುತ್ತದೆ. ಇಲ್ಲಿ ಜಾರಾಟವಿಲ್ಲ, ಉರುಳಾಟ.

ಮೂರನೆಯದು ಹಿಂದಿನ ಚಕ್ರದ ಬಳಿಯ ಫೈನಲ್ ಡ್ರೈವ್, ಅಂದರೆ ಆ ಹಿಂದಿನ ಗೇರ್ ಡಬ್ಬ. ಅದಕ್ಕೆ ಗ್ರೀಸ್ ಅಲ್ಲ, ಗೇರ್ ಆಯಿಲ್.

ಜಾರುವುದಕ್ಕೆ ಒಂದು, ಉರುಳುವುದಕ್ಕೆ ಇನ್ನೊಂದು, ಎಣ್ಣೆಯಲ್ಲಿ ಮುಳುಗಿರುವುದಕ್ಕೆ ಮತ್ತೊಂದು. ಇಷ್ಟು ತಿಳಿದರೆ ಅಂಗಡಿಯಲ್ಲಿ ಮುಕ್ಕಾಲು ಗೊಂದಲ ಕಳೆಯುತ್ತದೆ. ತೋಟದಲ್ಲಿ ಟ್ರ್ಯಾಕ್ಟರ್ ಇರುವವರಿಗೆ ಇದು ಹೊಸದೇನಲ್ಲ. ಟ್ರ್ಯಾಕ್ಟರಿನ ಶಕ್ತಿಯನ್ನು ರೊಟವೇಟರಿಗೆ ಮುಟ್ಟಿಸುವ ಪಿಟಿಒ ಶಾಫ್ಟನ್ನೇ ನೋಡಿ: ಎರಡು ಕ್ರಾಸ್, ಟ್ರ್ಯಾಕ್ಟರಿಗೆ ಸಿಕ್ಕಿಸುವ ಹಲ್ಲು, ನಡುವೆ ಒಂದರೊಳಗೊಂದು ಜಾರುವ ಕೊಳವೆ. ಬೈಕಿನಲ್ಲಿರುವುದು ಅದರ ತಮ್ಮ.

ಸ್ಪ್ಲೈನ್‌ಗೆ ಯಾವುದು ಒಳ್ಳೆಯದು?

ಮಾಲಿಬ್ಡಿನಂ ಡೈಸಲ್ಫೈಡ್ ಹೆಚ್ಚಾಗಿರುವ ಪೇಸ್ಟ್. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ‘ಮಾಲಿ’. ಕಪ್ಪು ಬೂದು ಬಣ್ಣ, ಕೈಗೆ ಅಂಟಿದರೆ ಎರಡು ದಿನ ಬಿಡುವುದಿಲ್ಲ.

ಕಾರಣ ಹೀಗಿದೆ. ಬೇರಿಂಗ್ ವೇಗವಾಗಿ ಉರುಳುವಾಗ ಎಣ್ಣೆಯ ತೆಳುಪದರವನ್ನು ತಾನೇ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಸ್ಪ್ಲೈನ್ ಹಲ್ಲಿಗೆ ಆ ಭಾಗ್ಯವಿಲ್ಲ. ಅದು ಅಲುಗಾಡುವುದೇ ಕೂದಲೆಳೆಯಷ್ಟು, ಅದೂ ಭಾರೀ ಒತ್ತಡದಲ್ಲಿ. ಎಣ್ಣೆ ಪಕ್ಕಕ್ಕೆ ಹಿಂಡಿಹೋಗುತ್ತದೆ, ಮರಳಿ ಬರಲು ದಾರಿಯಿರುವುದಿಲ್ಲ. ಉಕ್ಕು ಉಕ್ಕನ್ನು ಮುಟ್ಟಿ, ಸೂಕ್ಷ್ಮ ಚೂರುಗಳು ಕಿತ್ತು, ಗಾಳಿ ತಗುಲಿ ತುಕ್ಕಾಗುತ್ತವೆ. ಈ ತುಕ್ಕಿನ ಪುಡಿ ಉಕ್ಕನ್ನೇ ಉಜ್ಜುವ ಮರಳು ಕಾಗದವಾಗುತ್ತದೆ. ಮಾಲಿಯ ಕಣವಾದರೋ ಇಸ್ಪೀಟ್ ಎಲೆಗಳ ಕಟ್ಟಿನಂತೆ ಪದರ ಪದರವಾಗಿದೆ. ಮೇಲಿನಿಂದ ಎಷ್ಟು ಒತ್ತಿದರೂ ತಾಳುತ್ತದೆ, ಅಡ್ಡ ತಳ್ಳಿದರೆ ಎಲೆಗಳು ಒಂದರ ಮೇಲೊಂದು ಜಾರುತ್ತವೆ. ಎಣ್ಣೆ ಹೋದ ಮೇಲೂ ಅದು ಹಲ್ಲಿನ ಮೇಲೆ ಉಳಿದಿರುತ್ತದೆ.

ಹೋಂಡಾದ ಹಳೆಯ ಸರ್ವಿಸ್ ಪುಸ್ತಕಗಳು ಶೇಕಡಾ 40ಕ್ಕಿಂತ ಹೆಚ್ಚು ಮಾಲಿ ಇರುವ ಪೇಸ್ಟನ್ನು ಕೇಳುತ್ತವೆ. ಅವರದೇ ಮಾಲಿ 60 ಎಂಬ ಟ್ಯೂಬ್ ಬಹಳ ಕಾಲ ಹೆಸರು ಮಾಡಿತ್ತು, ನಂತರ ಅದರ ಜಾಗಕ್ಕೆ ಎಂ77 ಬಂತು. ಲಾಕ್‌ಟೈಟ್, ಮಾಲಿಕೋಟ್ ಹೆಸರಿನ ಪೇಸ್ಟುಗಳೂ ಇದೇ ಜಾತಿಯವು. ಹಾಗೆಂದು ಕಪ್ಪಗಿದ್ದರೆ ಮಾತ್ರ ಒಳ್ಳೆಯದು ಎಂದುಕೊಳ್ಳಬೇಡಿ. ಹಳೆಯ ಬಿಎಂಡಬ್ಲ್ಯುಗಳ ಸ್ಪ್ಲೈನ್‌ಗೆ ಬಳಕೆಯಲ್ಲಿದ್ದ ಕ್ಲೂಬರ್ ಕಂಪನಿಯ ಸ್ಟಾಬುರಾಗ್ಸ್ ಎನ್‌ಬಿಯು 30 ಪಿಟಿಎಂ ತಿಳಿ ಬಣ್ಣದ್ದು. ಅದರಲ್ಲಿ ಎಣ್ಣೆಯನ್ನು ಹಿಡಿದಿಡುವ ಬೇರಿಯಂ ಸೋಪು ಮತ್ತು ಬಿಳಿ ಘನ ಕಣಗಳಿವೆ. ನಿಮ್ಮ ಬೈಕಿನ ಪುಸ್ತಕ ಒಂದು ಹೆಸರನ್ನು ಸ್ಪಷ್ಟವಾಗಿ ಹೇಳಿದ್ದರೆ ಅದನ್ನೇ ಹಚ್ಚಿ, ನನ್ನ ಮಾತು ಅದರ ನಂತರದ್ದು.

ಟ್ರ್ಯಾಕ್ಟರಿಗೆ ತಂದ ಎಪಿ-3 ಗ್ರೀಸ್ ಅರ್ಧ ಡಬ್ಬಿ ಉಳಿದಿದೆ. ಅದನ್ನೇ ಹಚ್ಚಿದರೆ?

ನಾನು ಮಾಡಿದ್ದು ಅದನ್ನೇ. ಹಳೆಯ ಶಾಫ್ಟ್ ಬೈಕೊಂದನ್ನು ಕೊಂಡ ಹೊಸತು. ಹಿಂದಿನ ಚಕ್ರ ಬಿಚ್ಚಿದಾಗ ಹಲ್ಲುಗಳು ಒಣಗಿದ್ದವು. ಕೊಟ್ಟಿಗೆಯಲ್ಲಿ ಡಬ್ಬಿ ಇತ್ತು, ಕೈಯಲ್ಲೇ ಅದ್ದಿ ಧಾರಾಳವಾಗಿ ಬಳಿದೆ. ಬಡತನವೇನೂ ಕಾಡಿರಲಿಲ್ಲ, ಸೋಮಾರಿತನ. ಆ ಮಳೆಗಾಲ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಹತ್ತಿದ್ದು ಎಷ್ಟು ಸಲವೋ. ದೀಪಾವಳಿ ಹೊತ್ತಿಗೆ ಟೈರ್ ಬದಲಿಸಲು ಚಕ್ರ ಬಿಚ್ಚಿದರೆ ಗ್ರೀಸೆಲ್ಲ ಅಂಚಿಗೆ ಸರಿದು ಕೂತಿತ್ತು. ಹಲ್ಲುಗಳ ಮೇಲೆ ಉಳಿದದ್ದು ಕೆಮ್ಮಣ್ಣಿನಂಥ ನುಣುಪು ಪುಡಿ. ರಸ್ತೆಯ ಮಣ್ಣು ಒಳಗೆ ಹೋಗಿದೆ ಎಂದುಕೊಂಡು ಒರೆಸಿದೆ. ಮಣ್ಣಲ್ಲ, ನನ್ನ ಸ್ಪ್ಲೈನೇ ಪುಡಿಯಾಗಿ ಬಂದಿತ್ತು.

ಎಪಿ-3 ಕೆಟ್ಟ ಗ್ರೀಸಲ್ಲ. ಲಿಥಿಯಂ ಸೋಪಿನ, ತುಸು ಗಟ್ಟಿಯಾದ ಗ್ರೀಸ್ ಅದು. ಚಕ್ರದ ಬೇರಿಂಗಿಗೆ ಹೇಳಿ ಮಾಡಿಸಿದ್ದು. ಆದರೆ ಸಾಮಾನ್ಯವಾಗಿ ಅದರಲ್ಲಿ ಘನ ಕಣಗಳಿರುವುದಿಲ್ಲ, ಆದ್ದರಿಂದ ಎಣ್ಣೆ ಹಿಂಡಿಹೋದ ಮೇಲೆ ಹಲ್ಲನ್ನು ಕಾಯುವವರು ಯಾರೂ ಇಲ್ಲ. ಡಬ್ಬಿ ಟ್ರ್ಯಾಕ್ಟರಿಗೇ ಇರಲಿ.

ಅನೇಕ ಕಪ್ಪು ಗ್ರೀಸುಗಳಲ್ಲೂ ಮಾಲಿ ಇದೆಯಲ್ಲ, ಶೇಕಡಾ 3 ಮತ್ತು 60ರ ನಡುವೆ ಅಂಥ ವ್ಯತ್ಯಾಸವೇನು?

ಶೇಕಡಾ 3ರದ್ದು ಮಾಲಿ ಬೆರೆಸಿದ ಗ್ರೀಸ್. ಶೇಕಡಾ 60ರದ್ದು ಎಣ್ಣೆ ಬೆರೆಸಿದ ಮಾಲಿ. ಒಂದು ಪಾಯಸಕ್ಕೆ ಹಾಕಿದ ಏಲಕ್ಕಿ, ಇನ್ನೊಂದು ಏಲಕ್ಕಿಯ ಪುಡಿಯೇ.

ಕಾರಿನ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಕೀಲಿಗೆ, ಅಂದರೆ ಸಿವಿ ಜಾಯಿಂಟಿಗೆ, ಹಾಕುವ ಕಪ್ಪು ಗ್ರೀಸ್ ಬಹುಪಾಲು ಮೊದಲ ಜಾತಿ. ಪೇಸ್ಟ್ ಸಿಗದೆ ಪೇಚಾಡುತ್ತಿದ್ದರೆ ಎಪಿ-3ಕ್ಕಿಂತ ಇದು ಎಷ್ಟೋ ವಾಸಿ. ಹಾಸನ, ಚಿಕ್ಕಮಗಳೂರಿನ ಕಾರು ಬಿಡಿಭಾಗಗಳ ಅಂಗಡಿಗಳಲ್ಲಿ ಆ ಕೀಲಿನ ರಬ್ಬರ್ ಮುಸುಕಾದ ಸಿವಿ ಬೂಟ್ ಜೊತೆ ಸಣ್ಣ ಪೊಟ್ಟಣದಲ್ಲಿ ಸಿಗುತ್ತದೆ. ಒಂದು ಹಂಗಾಮಿನ ಮಟ್ಟಿಗೆ ನಡೆಯುತ್ತದೆ. ನಾನಾದರೆ ಮುಂದಿನ ಟೈರ್ ಬದಲಾವಣೆಗೆ ಕಾಯದೆ ಬಿಚ್ಚಿ ನೋಡುತ್ತೇನೆ.

ಒಂದು ಎಚ್ಚರಿಕೆ: ಶೇಕಡಾ 60ರ ಪೇಸ್ಟನ್ನು ಕ್ರಾಸಿನ ಸೂಜಿ ಬೇರಿಂಗಿಗಾಗಲಿ ಚಕ್ರದ ಬೇರಿಂಗಿಗಾಗಲಿ ತುಂಬಬೇಡಿ. ರೋಲರ್ ಉರುಳಬೇಕು. ಅತಿಯಾಗಿ ಜಾರುವ ವಸ್ತು ತುಂಬಿದರೆ ಉರುಳುವ ಬದಲು ಎಳೆದಾಡಿಕೊಂಡು ಸವೆಯುತ್ತದೆ. ದುಬಾರಿ ವಸ್ತು ಎಲ್ಲ ಕಡೆಗೂ ಒಳ್ಳೆಯದು ಎನ್ನುವ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ಹಾಗಾದರೆ ಕ್ರಾಸಿಗೆ ಏನು ಹಾಕಬೇಕು?

ಮೊದಲು ನಿಪ್ಪಲ್ ಇದೆಯೇ ನೋಡಿ. ರಷ್ಯಾದ ಉರಾಲ್, ಕೆಲವು ಮೋಟೋ ಗುಝಿ ಮಾದರಿಗಳ ಕ್ರಾಸಿನಲ್ಲಿ ಗ್ರೀಸ್ ಗನ್ ಹಿಡಿಯುವ ನಿಪ್ಪಲ್ ಇದೆ. ತೋಟದ ಹಳೆಯ ಜೀಪಿನ ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ ಇರುವಂಥದೇ. ಅಲ್ಲಿಗೆ ಅತಿ ಒತ್ತಡ ತಾಳುವ, ಅಂದರೆ ಡಬ್ಬಿಯ ಮೇಲೆ ಇಪಿ ಎಂದು ಬರೆದಿರುವ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್, ಎನ್‌ಎಲ್‌ಜಿಐ 2ನೇ ದರ್ಜೆಯದು. ನಿಪ್ಪಲ್ ಇಲ್ಲದ ಕ್ರಾಸನ್ನು ಕಾರ್ಖಾನೆಯಲ್ಲೇ ಮುಚ್ಚಿರುತ್ತಾರೆ. ಅದಕ್ಕೆ ನೀವು ಮಾಡಬಹುದಾದದ್ದು ನೀರು ತಾಗದಂತೆ ನೋಡಿಕೊಳ್ಳುವುದು ಮಾತ್ರ.

ಎನ್‌ಎಲ್‌ಜಿಐ 2, 3 ಎಂದರೆ ಗುಣಮಟ್ಟವೇ?

ಅಲ್ಲ, ಅದು ಗಟ್ಟಿತನದ ಅಳತೆ. 000ರಿಂದ 6ರವರೆಗೆ ಒಂಬತ್ತು ದರ್ಜೆಗಳಿವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕಲಕಿದ ಗ್ರೀಸಿನೊಳಗೆ ಒಂದು ಶಂಕು ಎಷ್ಟು ಆಳ ಇಳಿಯುತ್ತದೆ ಎಂದು ಮಿಲಿಮೀಟರಿನ ಹತ್ತನೇ ಒಂದರ ಲೆಕ್ಕದಲ್ಲಿ ಅಳೆಯುತ್ತಾರೆ. 265ರಿಂದ 295 ಇಳಿದರೆ 2, 220ರಿಂದ 250 ಇಳಿದರೆ 3. ಸಂಖ್ಯೆ ದೊಡ್ಡದಾದಂತೆ ಗ್ರೀಸ್ ಗಟ್ಟಿ, ಒಳ್ಳೆಯದು ಎಂದಲ್ಲ. ಸ್ಪ್ಲೈನ್ ಹಲ್ಲಿಗೆ 2 ಸಾಕು.

ಡಬ್ಬಿಯ ಮೇಲೆ ಢಾಳಾಗಿ ಬರೆದಿರುವ ಇನ್ನೊಂದು ಅಂಕಿ ಡ್ರಾಪ್ ಪಾಯಿಂಟ್, ಗ್ರೀಸ್ ಕರಗಿ ತೊಟ್ಟಿಕ್ಕುವ ಉಷ್ಣತೆ. ಸಾದಾ ಲಿಥಿಯಂ ಗ್ರೀಸ್‌ಗೆ 190 ಡಿಗ್ರಿ ಆಸುಪಾಸು, ಲಿಥಿಯಂ ಕಾಂಪ್ಲೆಕ್ಸ್‌ಗೆ 260ರ ಸುತ್ತ. ಶಾಫ್ಟಿನ ಕೊಳವೆ ಅಷ್ಟೆಲ್ಲ ಕಾಯುವುದೇ ಇಲ್ಲ. ಆ ಅಂಕಿಗೆ ಮರುಳಾಗಿ ಹೆಚ್ಚು ದುಡ್ಡು ಕೊಡಬೇಡಿ.

ನಮ್ಮ ಮಳೆಗೆ ಯಾವುದು ತಡೆಯುತ್ತದೆ?

ಈ ಭಾಗದಲ್ಲಿ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಇದೇ. ಪರದೇಶದ ಸಲಹೆಗಳು ಬಿಸಿಲು, ವೇಗ, ದೂರದ ಲೆಕ್ಕ ಹಾಕುತ್ತವೆ. ನಮ್ಮ ಶತ್ರು ನೀರು. ಆರಿದ್ರಾದಿಂದ ಆಶ್ಲೇಷದವರೆಗೆ ಬಿಡದೆ ಹೊಡೆಯುವ ಮಳೆ, ಬಿಸಿಲೆ ಘಾಟಿಯಲ್ಲಿ ರಸ್ತೆಗೇ ಇಳಿಯುವ ನೀರು, ಬಾಳೆಹೊನ್ನೂರು ಕಡೆಯ ತೋಟದ ದಾರಿಗಳ ಕೆಂಪು ರಾಡಿ. ಬೈಕು ನಿಂತಾಗಲೂ ಬಿಡುವಿಲ್ಲ. ಬಿಸಿಯಾದ ಶಾಫ್ಟ್ ಕೊಳವೆ ರಾತ್ರಿ ತಣಿಯುವಾಗ ಒಳಗಿನ ತೇವ ಬೆವರಾಗಿ ಕೂರುತ್ತದೆ.

ನೀರಿನ ಎದುರು ಕ್ಯಾಲ್ಸಿಯಂ ಸಲ್ಫೊನೇಟ್ ಕಾಂಪ್ಲೆಕ್ಸ್ ಗ್ರೀಸ್ ಎಲ್ಲಕ್ಕಿಂತ ಗಟ್ಟಿ ನಿಲ್ಲುತ್ತದೆ, ತುಕ್ಕನ್ನೂ ತಡೆಯುತ್ತದೆ. ಲಿಥಿಯಂ ಕಾಂಪ್ಲೆಕ್ಸ್ ಪರವಾಗಿಲ್ಲ. ಸೋಡಿಯಂ ಸೋಪಿನ ಗ್ರೀಸ್ ನೀರಿನಲ್ಲಿ ಕರಗಿಯೇ ಹೋಗುತ್ತದೆ, ಹತ್ತಿರ ಸೇರಿಸಬೇಡಿ. ಹಲ್ಲಿನ ಮೇಲೆ ಮಾಲಿ ಪೇಸ್ಟ್, ಶಾಫ್ಟ್ ಕೊಳವೆಯ ಸಂದು ಮುಚ್ಚುವ ರಬ್ಬರ್ ಬೂಟಿನ ಅಂಚು ಮತ್ತು ಹೊರಗೆ ಕಾಣುವ ಬೋಲ್ಟುಗಳಿಗೆ ಕ್ಯಾಲ್ಸಿಯಂ ಸಲ್ಫೊನೇಟ್, ಇದು ನಾನು ಪಾಲಿಸುವ ಕ್ರಮ. ಎರಡನ್ನೂ ಒಂದೇ ಕಡೆ ಕಲಸುವುದಿಲ್ಲ.

ಮಾಲಿಯ ಒಣ ಪುಡಿಯನ್ನೋ ಒಣಗಿ ಕೂರುವ ಸ್ಪ್ರೇಯನ್ನೋ ಇಲ್ಲಿ ನಂಬಬೇಡಿ. ತೇವದ ಗಾಳಿಯಲ್ಲಿ ಒಣ ಮಾಲಿಯ ಜಾರುಗುಣ ಇಳಿಯುತ್ತದೆ, ಅಡಿಯಲ್ಲಿರುವ ಉಕ್ಕಿಗೆ ತುಕ್ಕಿನಿಂದ ರಕ್ಷಣೆಯೂ ಇರುವುದಿಲ್ಲ. ಎಣ್ಣೆಯೂ ತುಕ್ಕುನಿರೋಧಕವೂ ಬೆರೆತ ಪೇಸ್ಟೇ ಬೇಕು.

ಇಷ್ಟೆಲ್ಲ ಆದ ಮೇಲೂ ಹರಿದ ರಬ್ಬರ್ ಬೂಟಿನ ಎದುರು ಯಾವ ಗ್ರೀಸಿನ ಆಟವೂ ನಡೆಯುವುದಿಲ್ಲ. ಮಳೆಗೆ ಮುಂಚೆ ಅದನ್ನು ಬೆರಳಿನಿಂದ ಮಡಿಸಿ ಬಿರುಕು ನೋಡಿ.

ತಾಮ್ರದ ಆಂಟಿ-ಸೀಜ್, ಗ್ರಾಫೈಟ್ ಗ್ರೀಸ್?

ಬೇಡ, ಬೇಡ. ಮೊದಲನೆಯದು ಅಲುಗಾಡದ ಬೋಲ್ಟು ಕಚ್ಚಿಕೊಳ್ಳದಂತೆ ತಡೆಯಲು. ಎರಡನೆಯದು ಒದ್ದೆಯಲ್ಲಿ ಅಲ್ಯೂಮಿನಿಯಂ ಪಕ್ಕ ಇದ್ದರೆ ಅದನ್ನು ತಿನ್ನಲು ದಾರಿ ಮಾಡಿಕೊಡುತ್ತದೆ, ಹಿಂದಿನ ಗೇರ್ ಡಬ್ಬ ಅಲ್ಯೂಮಿನಿಯಂನದೇ.

ಹಳೆಯ ಗ್ರೀಸಿನ ಮೇಲೆ ಹೊಸದನ್ನು ಹಚ್ಚಬಹುದೇ?

ಒಂದೇ ಜಾತಿಯೆಂದು ಖಾತ್ರಿಯಿದ್ದರೂ ನಾನು ಹಚ್ಚುವುದಿಲ್ಲ. ಹಳೆಯದರಲ್ಲಿ ಸವೆದ ಉಕ್ಕಿನ ಪುಡಿ ಇದೆ, ಅದನ್ನು ಹೊಸ ಗ್ರೀಸಿನಲ್ಲಿ ನೆನೆಸಿಟ್ಟ ಹಾಗಾಗುತ್ತದೆ. ಬೇರೆ ಜಾತಿಯಾದರೆ ಇನ್ನೂ ತೊಂದರೆ. ಲಿಥಿಯಂ ಗ್ರೀಸಿಗೆ ಪಾಲಿಯೂರಿಯಾ ಅಥವಾ ಜೇಡಿಮಣ್ಣಿನ ಆಧಾರದ ಗ್ರೀಸ್ ಬೆರೆತರೆ ಎರಡೂ ಸಡಿಲವಾಗಿ ಮಜ್ಜಿಗೆಯಂತೆ ಹರಿದುಬಿಡಬಹುದು.

ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲಿನ ಬುಡದವರೆಗೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಕೊನೆಗೆ ಬ್ರೇಕ್ ಕ್ಲೀನರ್ ಹೊಡೆದು ಒಣಗಿಸಿ. ಪೂರ್ತಿ ಒಣಗಿದ ಬರಿ ಲೋಹಕ್ಕೇ ಪೇಸ್ಟ್ ಕಚ್ಚುವುದು. ರಬ್ಬರ್ ಸೀಲುಗಳಿಗೆ ಈ ದ್ರಾವಕಗಳು ತಾಗದಿರಲಿ. ಬ್ರೇಕ್ ಡಿಸ್ಕನ್ನು ಮೊದಲೇ ಬಟ್ಟೆಯಿಂದ ಮುಚ್ಚಿ. ಯಾವ ದುಬಾರಿ ಟ್ಯೂಬಿಗಿಂತಲೂ ಈ ಅರ್ಧ ಗಂಟೆಯ ಉಜ್ಜಾಟವೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ.

ಎಷ್ಟು ಹಚ್ಚಬೇಕು?

ಹಲ್ಲಿನ ಬಣ್ಣ ಬದಲಾಗುವಷ್ಟು. ಎರಡೂ ಕಡೆಯ ಹಲ್ಲಿಗೆ ತೆಳುವಾಗಿ ಬ್ರಷ್ಷಿನಲ್ಲಿ ಎಳೆಯಿರಿ. ಮೂರ್ನಾಲ್ಕು ಗ್ರಾಂ ದಾಟುವುದು ಅಪರೂಪ. ತುಂಬಿ ತುರುಕಿದರೆ ತಿರುಗುವ ರಭಸಕ್ಕೆ ಹೆಚ್ಚಿನದು ಎರಚಿ ಕೊಳವೆಯ ಗೋಡೆಗೆ ಬಡಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮುಚ್ಚಿದ ತುದಿಯ ಸ್ಪ್ಲೈನಿನೊಳಗೆ ಗ್ರೀಸೂ ಗಾಳಿಯೂ ಸಿಕ್ಕಿಕೊಂಡು ಪಿಸ್ಟನ್ನಿನಂತೆ ಒತ್ತಿ, ಶಾಫ್ಟ್ ಜಾರದ ಹಾಗೆ ತಡೆಯುತ್ತವೆ. ಆ ಒತ್ತಡವೆಲ್ಲ ಬೇರಿಂಗುಗಳ ಮೇಲೆ ಬೀಳುತ್ತದೆ.

ಯಾವಾಗ ಮಾಡಬೇಕು?

ಕಿಲೋಮೀಟರ್ ಲೆಕ್ಕ ನಿಮ್ಮ ಬೈಕಿನ ಪುಸ್ತಕದಲ್ಲಿದೆ. ಎರಡು ತೋಳಿನ ಹಳೆಯ ಗೋಲ್ಡ್ ವಿಂಗ್‌ನಂಥ ಹೋಂಡಾಗಳಲ್ಲಿ ಹಿಂದಿನ ಚಕ್ರ ತೆಗೆದರೆ ಹಲ್ಲು ಕಣ್ಣಿಗೇ ಬೀಳುತ್ತದೆ, ಪ್ರತಿ ಟೈರ್ ಬದಲಾವಣೆಯಲ್ಲೂ ಮಾಡಿ ಮುಗಿಸಿ. ಬಿಎಂಡಬ್ಲ್ಯು ಜಿಎಸ್‌ನಂಥ ಒಂಟಿ ತೋಳಿನ ಬೈಕುಗಳಲ್ಲಿ ಚಕ್ರ ಬಿಚ್ಚಿದರೂ ಸ್ಪ್ಲೈನ್ ಕಾಣುವುದಿಲ್ಲ. ಹಿಂದಿನ ಗೇರ್ ಡಬ್ಬವನ್ನೇ ಕೆಳಕ್ಕೆ ವಾಲಿಸಬೇಕು. ಟೈರ್ ಮೇಲೆ ಟೈರ್ ಬದಲಿಸುತ್ತ ಮಾಲೀಕರು ವರ್ಷಗಟ್ಟಲೆ ಅದನ್ನು ನೋಡದೆಯೇ ಇರುವುದು ಇದರಿಂದ.

ನಮ್ಮಲ್ಲಿ ಇದಕ್ಕೆ ಪಂಚಾಂಗವೂ ಬೇಕು. ಕಾಫಿ ಕೊಯ್ಲು ಮುಗಿದು, ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆಗೆ ಕಾಯುವ ಬಿಡುವಿದೆಯಲ್ಲ, ಆಗ ಒಮ್ಮೆ ಬಿಚ್ಚಿ ಹಚ್ಚಿ. ಮಳೆಗಾಲ ಪೂರ್ತಿ ಓಡಿಸಿದ್ದರೆ ದೀಪಾವಳಿಯ ಆಸುಪಾಸಿನಲ್ಲಿ ಇನ್ನೊಮ್ಮೆ ಇಣುಕಿ.

ಸ್ಪ್ಲೈನ್ ಈಗಾಗಲೇ ಸವೆದಿದೆ ಎಂದು ತಿಳಿಯುವುದು ಹೇಗೆ?

ಬೈಕನ್ನು ಮಧ್ಯದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರ್ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಸ್ವಲ್ಪ ಆಟ ಎಲ್ಲ ಶಾಫ್ಟ್ ಬೈಕಿನಲ್ಲೂ ಇರುತ್ತದೆ. ಕಳೆದ ವರ್ಷಕ್ಕಿಂತ ಹೆಚ್ಚಾಗಿದೆಯೇ ಎನ್ನುವುದು ಮುಖ್ಯ, ಹಾಗಾಗಿ ಅಳತೆಯನ್ನು ಎಲ್ಲಾದರೂ ಬರೆದಿಡಿ. ಓಡಿಸುವಾಗ ಥ್ರಾಟಲ್ ಬಿಟ್ಟು ಹಿಡಿದಾಗ ಹಿಂದಿನಿಂದ ‘ಟಕ್’ ಎಂಬ ಸದ್ದು ಇನ್ನೊಂದು ಗುರುತು. ಬಿಚ್ಚಿದಾಗ ಹಲ್ಲಿನ ತಲೆ ಚಪ್ಪಟೆಯಾಗಿರುವುದನ್ನು ಬಿಟ್ಟು ಚೂಪಾಗಿದ್ದರೆ, ಒಂದು ಪಕ್ಕದಲ್ಲಿ ಮೆಟ್ಟಿಲು ಬಿದ್ದಿದ್ದರೆ, ಗ್ರೀಸಿನ ಪ್ರಶ್ನೆ ಮುಗಿಯಿತು. ಸವೆದ ಉಕ್ಕನ್ನು ಯಾವ ಪೇಸ್ಟೂ ಬೆಳೆಸುವುದಿಲ್ಲ, ಭಾಗ ಬದಲಿಸಬೇಕು.

ನಾನೇ ಬಿಚ್ಚುತ್ತೇನೆ. ಎಲ್ಲಿ ಎಡವಬಹುದು?

ಎರಡು ಕ್ರಾಸ್ ಇರುವ ಶಾಫ್ಟ್‌ನಲ್ಲಿ ಜಾರುವ ಭಾಗವನ್ನು ಎಳೆಯುವ ಮೊದಲು ಎರಡೂ ತುಂಡುಗಳ ಮೇಲೆ ಬಣ್ಣದಿಂದ ಗೆರೆ ಎಳೆಯಿರಿ. ಎರಡು ಕ್ರಾಸುಗಳು ತಯಾರಕರು ಇಟ್ಟ ಕೋನದಲ್ಲೇ ಕೂರಬೇಕು. ಒಂದು ಹಲ್ಲು ಆಚೀಚೆ ಆದರೂ ಒಂದು ಕ್ರಾಸಿನ ಏರಿಳಿತವನ್ನು ಇನ್ನೊಂದು ಸರಿದೂಗಿಸದೆ ಬೈಕು ನಡುಗುತ್ತದೆ. ಜೀಪಿನ ಹಳೆಯ ಮೆಕ್ಯಾನಿಕ್‌ಗಳು ಬಾಣದ ಗುರುತು ನೋಡಿ ಜೋಡಿಸುವುದು ಇದಕ್ಕೇ.

ಬ್ರೇಕ್ ಕ್ಯಾಲಿಪರನ್ನು ಪೈಪಿನಿಂದ ನೇತಾಡಲು ಬಿಡಬೇಡಿ, ದಾರ ಕಟ್ಟಿ ತೂಗಿಸಿ. ಎಬಿಎಸ್ ತಂತಿಯನ್ನು ಮರೆತು ಡಬ್ಬ ವಾಲಿಸಿದವರೂ ಇದ್ದಾರೆ. ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ, ಪುಸ್ತಕದ ಅಳತೆಗೇ ಬಿಗಿ ಮಾಡಿ. ವ್ರೆಂಚ್ ಇಲ್ಲವೆಂದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಫೈನಲ್ ಡ್ರೈವ್‌ಗೆ ಗ್ರೀಸನ್ನೇ ತುಂಬಿದರೆ ಸೋರುವ ತೊಂದರೆ ತಪ್ಪುತ್ತದಲ್ಲ?

ಸೋರುವುದು ತಪ್ಪುತ್ತದೆ, ಗೇರು ಸಾಯುತ್ತದೆ. ಅಲ್ಲಿ ಹಲ್ಲುಗಳ ಮೇಲೆ ಎಣ್ಣೆ ಸದಾ ಹರಿದು ಬಿಸಿಯನ್ನೂ ಹೊತ್ತೊಯ್ಯಬೇಕು. ಬಹುಪಾಲು ಬೈಕುಗಳಿಗೆ ಬೇಕಾಗುವುದು 150ರಿಂದ 250 ಮಿಲಿಲೀಟರ್ ಹೈಪಾಯ್ಡ್ ಗೇರ್ ಆಯಿಲ್, ಜಿಎಲ್-5 ದರ್ಜೆಯದು. ಸ್ನಿಗ್ಧತೆಯ ಸಂಖ್ಯೆಯನ್ನು ಪುಸ್ತಕದಲ್ಲೇ ನೋಡಿ. ಎಣ್ಣೆ ಇಳಿಸಿದಾಗ ಅಯಸ್ಕಾಂತವಿರುವ ಪ್ಲಗ್ಗಿನ ತುದಿಯಲ್ಲಿ ಬೂದು ಕೆಸರು ಇದ್ದರೆ ಹೆದರಬೇಡಿ, ಬೆರಳಿಗೆ ಚುಚ್ಚುವ ಚಕ್ಕೆ ಸಿಕ್ಕರೆ ಹೆದರಿ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ.

ನನ್ನದು ಬುಲೆಟ್. ಈ ಪೇಸ್ಟನ್ನು ಚೈನಿಗೆ ಹಚ್ಚಲೇ?

ಬೇಡ. ಧೂಳು ಹಿಡಿದು ಚೈನೇ ಅರವಾಗುತ್ತದೆ.

ಆಯುಧ ಪೂಜೆಗೆ ಬೈಕು ತೊಳೆಸುವಾಗ ಏನು ನೋಡಿಕೊಳ್ಳಬೇಕು?

ವಾಟರ್ ಸರ್ವಿಸ್‌ನ ಹುಡುಗ ಒತ್ತಡದ ಪೈಪನ್ನು ಕೆಸರು ಕಂಡಲ್ಲೆಲ್ಲ ಗುರಿಯಿಡುತ್ತಾನೆ. ಕೆಸರು ಹೆಚ್ಚು ಕೂತಿರುವುದು ಶಾಫ್ಟಿನ ರಬ್ಬರ್ ಬೂಟಿನ ಮಡಿಕೆಯಲ್ಲಿ. ನಾಲ್ಕು ತಿಂಗಳ ಮಳೆ ಒಳಗೆ ತೂರಿಸಲಾಗದ ನೀರನ್ನು ಆ ಪೈಪು ನಾಲ್ಕು ನಿಮಿಷದಲ್ಲಿ ತೂರಿಸುತ್ತದೆ. ಬೂಟಿನ ಸುತ್ತ ಬಕೆಟ್ ನೀರು, ಬಟ್ಟೆ ಸಾಕು. ತೊಳೆದ ಮೇಲೆ ನಿಂಬೆಹಣ್ಣಿನ ಮೇಲೆ ಹತ್ತಿಸಿ ಸುಮ್ಮನೆ ನಿಲ್ಲಿಸಬೇಡಿ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಕೊಳವೆ ಬಿಸಿಯಾಗಿ ಒಳಗಿನ ತೇವ ಆರಿದ ಮೇಲೆ ಮನೆಗೆ ತನ್ನಿ.